ಒಂದೇ ಸೂರಿನ ಕೆಳಗೆ

ಆಲ್‌ಫ್ರಿಸ್ಟನ್ ಪಾದ್ರಿಮನೆಯ ಎದುರು ನಿಂತವರಿಗೆ ಮೊದಲು ಕಾಣುವುದು ಹುಲ್ಲಿನ ಚಾವಣಿ, ಗೋಡೆ ಆಮೇಲೆ. ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನಲ್ಲಿ, ಕಕ್‌ಮಿಯರ್ ಹೊಳೆಗೆ ಹತ್ತಿರವಿರುವ ಈ ಮರದ ಮನೆಗೆ ಸುಮಾರು 600 ವರ್ಷ. 1896ರಲ್ಲಿ, ಹಳೆಯ ಕಟ್ಟಡಗಳನ್ನೂ ನಿಸರ್ಗ ತಾಣಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಇದನ್ನು 10 ಪೌಂಡಿಗೆ ಕೊಂಡಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಇದು. ಈ ಖ್ಯಾತಿಯಿಂದ ಮನೆಗೆ ಒಂದಿಷ್ಟು ಅನ್ಯಾಯವೂ ಆಗಿದೆ. 10 ಪೌಂಡಿನ ಕಥೆ ಎಲ್ಲರ ಬಾಯಲ್ಲೂ ಇದೆ, ಬಡಗಿಯ ಜಾಣ್ಮೆಯ ಮಾತು ಅಪರೂಪ.

ಆ ಜಾಣ್ಮೆ ಸೂರಿನಲ್ಲಿದೆ. ಎರಡು ತುದಿಗಳಲ್ಲಿ ಮಹಡಿ ಮುಂದಕ್ಕೆ ಚಾಚಿದೆ. ನಡುವಿನ ಪಡಸಾಲೆಗೆ ಮಹಡಿಯಿಲ್ಲ, ಅದರ ಗೋಡೆ ಹಿಂದೆಯೇ ಉಳಿದಿದೆ. ಆದರೆ ಚಾವಣಿ ಎಲ್ಲೂ ಮುರಿಯದೆ ಒಂದೇ ಗೆರೆಯಲ್ಲಿ ಹಾಯುತ್ತದೆ. ಹಾಗಾಗಿ ನಡುವೆ ಸೂರಿನ ಕೆಳಗೆ ಗೋಡೆಯ ಆಸರೆಯಿಲ್ಲ. ಎರಡೂ ಕಡೆಯಿಂದ ಬಾಗಿ ಬಂದ ಓಕ್ ಮರದ ತೋಳುಗಳು ಆ ಭಾರವನ್ನು ಹೊತ್ತಿವೆ. ಹೊರೆ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಮುಚ್ಚಿಡದೆ ತೋರಿಸುವುದೇ ಈ ಮನೆಯ ನಿಜವಾದ ಚೆಲುವು ಎಂದು ನಾನು ನಂಬಿದ್ದೇನೆ.

ಪಕ್ಕದಲ್ಲೇ ಸೇಂಟ್ ಆಂಡ್ರ್ಯೂ ಚರ್ಚ್, ಚಕಮಕಿ ಕಲ್ಲಿನದು. ಪಾದ್ರಿಯ ಮನೆ ಅದರ ಕಮಾನನ್ನಾಗಲಿ ಗೋಪುರವನ್ನಾಗಲಿ ಅನುಕರಿಸಲು ಹೋಗಿಲ್ಲ. ಆ ಸೀಮೆಯ ಅನುಕೂಲಸ್ಥ ರೈತರು ಕಟ್ಟಿಸಿಕೊಳ್ಳುತ್ತಿದ್ದ ಮನೆಯ ವಿನ್ಯಾಸವೇ ಇಲ್ಲಿಯೂ ಇದೆ. ಇದು ನನಗೆ ತುಂಬ ಹಿಡಿಸಿದ ಸಂಗತಿ.

ಒಳಗಿನ ನೆಲ ಇನ್ನೂ ವಿಶೇಷ. ಸೀಮೆಸುಣ್ಣದ ಕಲ್ಲನ್ನು ಪುಡಿಮಾಡಿ, ದಮ್ಮಸ್ಸು ಹಾಕಿ, ಮೇಲೆ ಹುಳಿತ ಹಾಲು ಬಳಿದು ಗಟ್ಟಿಮಾಡಿದ ನೆಲವದು. ಆದರೆ ಪಡಸಾಲೆಯ ಎತ್ತರದ ಬಗ್ಗೆ ನನಗೊಂದು ತಕರಾರಿದೆ. ಇಂಥ ಮನೆಗಳಲ್ಲಿ ನಡುನೆಲದಲ್ಲಿ ಬೆಂಕಿ ಉರಿಯುತ್ತಿತ್ತು, ಆ ಎತ್ತರ ಇದ್ದದ್ದು ಹೊಗೆ ಏರಿಹೋಗಲೆಂದು. ಹೊಗೆಯಿಲ್ಲದ ಇಂದಿನ ಚೊಕ್ಕಟ ಪಡಸಾಲೆಯಲ್ಲಿ ಅದು ಬರೀ ವೈಭವದಂತೆ ಕಾಣುತ್ತದೆ; ಕೆಮ್ಮು, ಮಸಿ, ಚಳಿಯ ಬದುಕು ಮರೆಗೆ ಸರಿದಿದೆ.

ಆದರೂ ಮನೆ ಉಳಿದದ್ದೇ ದೊಡ್ಡದು. ಕುಸಿಯುತ್ತಿದ್ದ ಕಟ್ಟಡಕ್ಕಾಗಿ ಊರಿನ ಪಾದ್ರಿ ಬೇನನ್ ಓಡಾಡಿದರು, ಟ್ರಸ್ಟಿನ ಸ್ಥಾಪಕರಲ್ಲೊಬ್ಬರಾದ ಆಕ್ಟೇವಿಯಾ ಹಿಲ್ ಬೆನ್ನಿಗೆ ನಿಂತರು, ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್ ದುರಸ್ತಿ ಮಾಡಿದರು. ಪಡಸಾಲೆಯ ಮೂಲೆಯಲ್ಲಿ ಕೆತ್ತಿದ ಒಂದು ಓಕ್ ಎಲೆಯಿದೆ. ಟ್ರಸ್ಟಿನ ಲಾಂಛನಕ್ಕೆ ಅದೇ ಪ್ರೇರಣೆ ಎನ್ನುವವರಿದ್ದಾರೆ. ನನಗೆ ಕಾಣುವುದು ಬಡಗಿಯ ಉಳಿ: ಓಕ್ ಮರವನ್ನೇ ಕಡಿದು ತೊಲೆ ಮಾಡಿದವನು, ಆ ಮರಕ್ಕೆ ಅದರ ಎಲೆಯನ್ನು ಮರಳಿಸಿದ್ದಾನೆ.