ವಿಳಾಸದ ಬೆನ್ನು ಹತ್ತುವ ವಿದ್ಯೆ

ಕಚೇರಿಯ ಕಂಪ್ಯೂಟರನ್ನು ದೂರದಿಂದ ತೆರೆಯುವ ಮಾತು ಬಂದಲ್ಲೆಲ್ಲ ಡೈನಾಮಿಕ್ ಡಿಎನ್‌ಎಸ್‌ಗೆ ಮೊದಲ ಮಣೆ. ಐಪಿ ವಿಳಾಸ ಎಷ್ಟು ಸಲ ಬದಲಾದರೂ ಹೆಸರು ಒಂದೇ ಇರುತ್ತದೆ, ರೌಟರಿನಲ್ಲಿ ಒಂದು ಪೋರ್ಟ್ ತೆರೆದಿಟ್ಟರೆ ಕೆಲಸ ಮುಗಿಯಿತು ಎನ್ನುತ್ತಾರೆ. ಬನಹಟ್ಟಿಯ ಸೀರೆ ಅಂಗಡಿಯ ಲೆಕ್ಕವನ್ನು ಜಮಖಂಡಿಯಲ್ಲಿ ಕೂತು ನೋಡಿ ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದವರಿಗೆ, ಮುಧೋಳ, ಬೀಳಗಿಗಳ ಪತ್ತಿನ ಸಂಘಗಳಿಗೆ ಈ ಸಲಹೆ ಅಗ್ಗವಾಗಿ, ಸುಲಭವಾಗಿ ಕಾಣುವುದು ಸಹಜ. ಆದರೆ ಅದಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಕರೆಂಟು ಹೋಗಿ ಬಂದ ನಂತರದ ಕೆಲವು ನಿಮಿಷಗಳನ್ನು ಬಿಡಿಸಿ ನೋಡಬೇಕು. ರೌಟರ್ ಮತ್ತೆ ಶುರುವಾಗಿ ಹೊಸ ವಿಳಾಸ ಪಡೆಯುತ್ತದೆ. ಆ ವಿಳಾಸವನ್ನು ಡಿಎನ್‌ಎಸ್‌ಗೆ ತಿಳಿಸುವ ತಂತ್ರಾಂಶ ಬಹಳ ಕಡೆ ಕಂಪ್ಯೂಟರಿನಲ್ಲೇ ಇರುತ್ತದೆ. ಕರೆಂಟು ಬಂದೊಡನೆ ತಾನಾಗಿ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿರದಿದ್ದರೆ ಕಂಪ್ಯೂಟರ್ ಮಲಗಿಯೇ ಇರುತ್ತದೆ, ಹೆಸರು ಹಳೆಯ ವಿಳಾಸವನ್ನೇ ತೋರಿಸುತ್ತಿರುತ್ತದೆ. ಆ ಹಳೆಯ ವಿಳಾಸ ಅಷ್ಟರಲ್ಲಿ ಬೇರೊಬ್ಬ ಗ್ರಾಹಕರ ಪಾಲಾಗಿರಬಹುದು. ಅಲ್ಲಿ ಅದೇ ಪೋರ್ಟಿನಲ್ಲಿ ಇನ್ನೊಂದು ಯಂತ್ರ ಉತ್ತರಿಸುವ ಸಂಭವ ಕಡಿಮೆ, ನಿಜ. ಆದರೆ ಉತ್ತರಿಸಿದರೆ ತಡೆಯುವವರಾರು? ಗುರುತು ಖಚಿತವಿಲ್ಲ ಎಂಬ ಎಚ್ಚರಿಕೆ ತಮ್ಮದೇ ಕಂಪ್ಯೂಟರಿನಿಂದಲೂ ದಿನಾ ಬರುತ್ತದೆ, ಜನ ದಿನಾ ಒಪ್ಪಿಗೆ ಒತ್ತುತ್ತಾರೆ. ಪರರ ಯಂತ್ರ ಕೊಡುವ ಎಚ್ಚರಿಕೆಯೂ ಅದೇ ರೂಪದಲ್ಲಿರುತ್ತದೆ. ಯಂತ್ರದ ಗುರುತನ್ನು ವಿಳಾಸಕ್ಕೆ ಕಟ್ಟಿಹಾಕಿದ್ದೇ ಈ ವಿಧಾನದ ಮೂಲ ದೋಷ.

ಎರಡನೆಯ ಕೊರತೆ ಇನ್ನೂ ಕಠಿಣ. ಜಾಗತಿಕ ಐಪಿವಿ4 ಸಂಗ್ರಹದ ಕೊನೆಯ ಕಂತುಗಳು 2011ರ ಫೆಬ್ರುವರಿಯಲ್ಲೇ ಹಂಚಿಹೋದವು. 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು, ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಕೂರಿಸುವ ಸೇವಾದಾರರಿಗೆ ಮೀಸಲಿಡಲಾಯಿತು. ರೌಟರಿನ ಹೊರಮುಖದಲ್ಲಿ ಇಂಥ ವಿಳಾಸ ಕಂಡರೆ ಪೋರ್ಟ್ ತೆರೆಯುವುದು ವ್ಯರ್ಥ. ಹೆಸರು ಊರ ಅಗಸೆಯವರೆಗೆ ಕರೆದೊಯ್ಯುತ್ತದೆ, ಒಳಗೆ ಯಾರ ಮನೆ ಎಂದು ಹೇಳುವವರಿಲ್ಲ.

ಹಾಗಿದ್ದರೆ ಸ್ಥಿರ ಐಪಿ ಕೊಳ್ಳಿ ಎನ್ನುವವರಿದ್ದಾರೆ. ವಿಳಾಸ ಬದಲಾಗದಿರುವುದು ಭದ್ರತೆಯ ಲಕ್ಷಣವೆಂಬಂತೆ ಅವರ ವಾದ. ಆದರೆ 2019ರ ಬ್ಲೂಕೀಪ್ ದೋಷ ಪಾಸ್‌ವರ್ಡ್ ಕೇಳುವ ಮೊದಲೇ ಹಳೆಯ ವಿಂಡೋಸ್ ಯಂತ್ರಗಳನ್ನು ಹೊಗಲು ದಾರಿ ಕೊಡುತ್ತಿತ್ತು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಜಗತ್ತಿಗೆ ತೆರೆದವರಿಗೆ ಸ್ಥಿರ ವಿಳಾಸವೂ ಹೆಸರೂ ಆಗ ಏನು ರಕ್ಷಣೆ ಕೊಡುತ್ತಿದ್ದವು? ದೂರದಿಂದ ಕಂಪ್ಯೂಟರ್ ತೆರೆಯುವ ಎನಿಡೆಸ್ಕ್ ತಂತ್ರಾಂಶವೇ ಸಾಕು ಎನ್ನುವವರ ವಾದದಲ್ಲಿ ಹೆಚ್ಚು ಹುರುಳಿದೆ, ಏಕೆಂದರೆ ಅಲ್ಲಿ ಕಚೇರಿಯ ಯಂತ್ರವೇ ಹೊರಗೆ ಸಂಪರ್ಕ ಬೆಳೆಸುತ್ತದೆ. ಆದರೂ 2024ರ ಫೆಬ್ರುವರಿಯಲ್ಲಿ ಆ ಕಂಪನಿಯೇ ತನ್ನ ವ್ಯವಸ್ಥೆಗೆ ಅತಿಕ್ರಮಣವಾಗಿದೆಯೆಂದು ಪ್ರಕಟಿಸಿ ಪ್ರಮಾಣಪತ್ರಗಳನ್ನು ಬದಲಿಸಬೇಕಾಯಿತು. ಇಡೀ ನಂಬಿಕೆಯನ್ನು ಒಂದೇ ಮಧ್ಯವರ್ತಿಯ ಮೇಲೆ ಹೊರಿಸುವ ಅಪಾಯ ಅಲ್ಲಿದೆ. ಹೆಸರಿನ ಸೇವೆಯೂ ಇದಕ್ಕೆ ಹೊರತಲ್ಲ: 2014ರ ಜೂನ್‌ನಲ್ಲಿ ನ್ಯಾಯಾಲಯದ ಆದೇಶದ ಬಲದಿಂದ ಮೈಕ್ರೋಸಾಫ್ಟ್ ನೋ-ಐಪಿಯ 22 ಡೊಮೈನ್‌ಗಳನ್ನು ವಶಪಡಿಸಿಕೊಂಡಾಗ, ಏನೂ ತಪ್ಪು ಮಾಡದ ಗ್ರಾಹಕರ ಹೆಸರುಗಳೂ ಕೆಲಸ ನಿಲ್ಲಿಸಿದವು.

ನಿಜವಾಗಿ ಮನ್ನಣೆ ಸಲ್ಲಬೇಕಾದದ್ದು 2020ರಲ್ಲಿ ಲಿನಕ್ಸ್ ಕರ್ನೆಲ್ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್‌ನಂಥ ವಿಧಾನಕ್ಕೆ. ಇಲ್ಲಿ ಯಂತ್ರದ ಗುರುತು ಅದರ ಕೀಲಿ. ಸರಿಯಾದ ಕೀಲಿಯ ಪ್ಯಾಕೆಟ್ ಹೊಸ ವಿಳಾಸದಿಂದ ಬಂದರೆ ಎದುರಿನ ತುದಿ ಆ ವಿಳಾಸವನ್ನೇ ಗುರುತಿಟ್ಟುಕೊಳ್ಳುತ್ತದೆ. 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವಂತೆ ಹೊಂದಿಸಿದರೆ ಸೇವಾದಾರರ ರೌಟರಿನ ಹಿಂದಿನಿಂದಲೂ ದಾರಿ ತೆರೆದಿರುತ್ತದೆ. ಇದಕ್ಕೂ ಸ್ಥಿರ ವಿಳಾಸದ ಒಂದು ಬಾಡಿಗೆ ಸರ್ವರ್ ಬೇಕಲ್ಲ, ಖರ್ಚು ಉಳಿಯಿತೆಲ್ಲಿ ಎಂಬ ಆಕ್ಷೇಪ ನ್ಯಾಯವೇ. ಆದರೆ ಒಂದು ಸಣ್ಣ ಸರ್ವರನ್ನು ಹಲವು ಕಚೇರಿಗಳು ಹಂಚಿಕೊಳ್ಳಬಹುದು. ಕಚೇರಿಯ ಕಂಪ್ಯೂಟರಿನ ಯಾವ ಪೋರ್ಟೂ ಹೊರಜಗತ್ತಿಗೆ ತೆರೆದಿರಬೇಕಾಗಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಈ ನಾಲ್ಕೂರಿನ ಕಚೇರಿಗಳು ಇನ್ನು ಕೇಳಬೇಕಾದ್ದು ವಿಳಾಸ ಬದಲಾದರೆ ಹೇಗೆ ಹಿಡಿಯುತ್ತೀರಿ ಎಂದಲ್ಲ. ಬಾಗಿಲಿಗೆ ಬಂದವರು ನಮ್ಮವರೇ ಎಂದು ಹೇಗೆ ಖಚಿತಪಡಿಸುತ್ತೀರಿ ಎಂದು.