ಕೊಟ್ಟೂರಿನ ರ‍್ಯಾಂಕು ಮತ್ತು ನೋಟ್ಸು

ದ್ವಿತೀಯ ಪಿಯು ಫಲಿತಾಂಶದ ದಿನ ಕಲಾ ವಿಭಾಗದ ಮೊದಲ ಹೆಸರಿನ ಮುಂದೆ ಕೊಟ್ಟೂರು ಎಂದಿದ್ದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿನ ‘ಇಂದು’ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯರು 2019ರಲ್ಲಿ 600ಕ್ಕೆ 594, 2025ರಲ್ಲಿ 597 ಅಂಕ ಪಡೆದು ರಾಜ್ಯಕ್ಕೇ ಮೊದಲಿಗರಾದರು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿ ಆರ್ಟ್ಸ್ ಅಂದರೆ ಸೈನ್ಸ್ ಸಿಗದವರ ಪಾಲು ಎಂಬ ಮಾತಿತ್ತು. ಅದನ್ನು ಸುಳ್ಳು ಮಾಡಿದ್ದೇ ಈ ಊರಿನ ದೊಡ್ಡ ಸಾಧನೆ, ರ‍್ಯಾಂಕು ಆಮೇಲಿನದು.

ಆದರೂ ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಕ್ಕೆ ನೂರರ ಅಂಚಿನ ಅಂಕ ಬರುವುದು ಹೇಗೆ? ಮೌಲ್ಯಮಾಪಕರ ಕೈಯಲ್ಲಿ ‘ಸ್ಕೀಮ್’ ಇರುತ್ತದೆ: ಇಂಥ ಪ್ರಶ್ನೆಗೆ ಇಂತಿಷ್ಟು ಅಂಶ. ತರಬೇತಿ ಎಂದರೆ ಬಹುಪಾಲು, ನೋಟ್ಸು ಕೊಟ್ಟು, ಟೆಸ್ಟ್ ಬರೆಸಿ ತಿದ್ದಿ, ಆ ಅಳತೆಗೆ ಕೈ ಪಳಗಿಸುವುದು. ಇದನ್ನು ಹೀಗಳೆಯಲಾರೆ. ಮನೆಯಲ್ಲಿ ಓದಿದವರೇ ಇಲ್ಲದ ಹುಡುಗಿಗೆ ಪರೀಕ್ಷೆಯ ಒಳಗುಟ್ಟು ಬಿಡಿಸಿ ಹೇಳುವವರು ಬೇಕೇ ಬೇಕು.

ಈ ತರಬೇತಿಯ ಪೂರ್ತಿ ಫಾಯಿದೆ ಯಾರಿಗೆ? ತಿದ್ದಿ ಬಂದ ಪತ್ರಿಕೆಯಲ್ಲಿ ಅಂಕ ನೋಡಿ ಮಡಚಿಡುವವರಿಗಂತೂ ಇಲ್ಲ. ‘ಸರ್, ಇಲ್ಲಿ ಎರಡು ಮಾರ್ಕ್ಸ್ ಯಾಕೆ ಹೋತ್ರಿ?’ ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುವವಳಿಗೆ, ಅದೇ ಉತ್ತರವನ್ನು ಅಂದೇ ಮತ್ತೆ ಬರೆದು ತೋರಿಸುವವಳಿಗೆ. ನೋಟ್ಸು ಎಲ್ಲರಿಗೂ ಒಂದೇ. ತಪ್ಪು ಒಬ್ಬೊಬ್ಬರದು ಒಂದೊಂದು. ಹಳ್ಳಿಯ ಮಕ್ಕಳಿಗೆ ಕಷ್ಟವಾಗುವುದೂ ಇಲ್ಲೇ. ಕೇಳಿದರೆ ಎದುರಾಡಿದಂತಾದೀತೆಂಬ ಅಂಜಿಕೆ. ಅದನ್ನು ಬಿಡಿಸದೆ ಎಷ್ಟು ಟೆಸ್ಟ್ ಮಾಡಿಸಿದರೂ ಮುಂದಿನ ಬೆಂಚಿನವರಿಗಷ್ಟೇ ದಕ್ಕುತ್ತದೆ.

ನನ್ನ ತಕರಾರು ನೋಟ್ಸಿನ ಮೇಲೆ. ಅದನ್ನೇ ಉರುಹೊಡೆದವರಿಗೆ ಪಠ್ಯಪುಸ್ತಕ ತೆರೆಯದೆಯೂ ಅಂಕ ಬಂದೀತು, ಸ್ವಂತದ್ದೊಂದು ವಾಕ್ಯ ಕಟ್ಟಲು ಬಾರದು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪ ಇದೇ ಕೊಟ್ಟೂರಿನವರು. ನಿಲ್ಲದೆ ಹರಿಯುವ ಅವರ ವಾಕ್ಯಗಳಿಗೆ ಯಾವ ಸ್ಕೀಮಿನಲ್ಲಿ ಅಂಕ ಸಿಕ್ಕೀತೋ! ತಮಾಷೆ ಬಿಡಿ, ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ ಒಂದು ಪತ್ರಿಕೆ ಇದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಡುವ ಮೀಸಲಾತಿಯನ್ನು ನೆಚ್ಚಿ ಅತ್ತ ಹೊರಡುವ ಈ ತಾಲ್ಲೂಕುಗಳ ಮಕ್ಕಳಿಗೆ ಅಲ್ಲಿ ಯಾರೂ ಅಂಶ ಎಣಿಸಿ ಕೊಡುವುದಿಲ್ಲ. ಪಿಯು ಓದುವಾಗಲೇ ವಾರಕ್ಕೊಮ್ಮೆ ನೋಟ್ಸಿನಲ್ಲಿಲ್ಲದ ಪ್ರಶ್ನೆಗೆ ಒಂದು ಪುಟ ಬರೆದು ಮೇಷ್ಟ್ರ ಕೈಗಿಡಲಿ: ಮೈಲಾರ ಜಾತ್ರೆಯ ಕಾರಣಿಕ ನುಡಿಯನ್ನು ಜನ ಯಾಕೆ ನಂಬುತ್ತಾರೆ, ಹಡಗಲಿ ಮಲ್ಲಿಗೆಯ ಬೆಲೆಯನ್ನು ಯಾರು ಕಟ್ಟುತ್ತಾರೆ. ಮೇಷ್ಟ್ರು ಅದಕ್ಕೆ ಅಂಕ ಹಾಕದಿದ್ದರೆ ಇನ್ನೂ ಒಳ್ಳೆಯದು.