ಹೆಸರು ಅಳಿಸಿದರು, ಎಣಿಕೆ ಬಿಡಲಿಲ್ಲ

ಮೈಕ್ರೋಸಾಫ್ಟ್‌ನ ‘ಪ್ರೊಡಕ್ಟಿವಿಟಿ ಸ್ಕೋರ್’ ವಿರುದ್ಧ 2020ರ ನವೆಂಬರ್‌ನಲ್ಲಿ ಎದ್ದ ಗದ್ದಲವನ್ನು ಬಳಕೆದಾರರ ದೊಡ್ಡ ಗೆಲುವೆಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆಗ ಕೊರೊನಾ ಕಾಲ, ಮನೆಯೇ ಆಫೀಸು. ಯಾವ ನೌಕರ ಎಷ್ಟು ದಿನ ಇಮೇಲ್ ಕಳಿಸಿದ, ಎಷ್ಟು ದಿನ ಚಾಟ್ ಮಾಡಿದ ಎಂಬುದನ್ನು 28 ದಿನಗಳ ಲೆಕ್ಕದಲ್ಲಿ, ಹೆಸರು ಸಮೇತ, ಕಂಪನಿಯ ಅಡ್ಮಿನ್‌ಗಳ ಮುಂದಿಡುತ್ತಿತ್ತು ಆ ಸಾಫ್ಟ್‌ವೇರ್. ಆಸ್ಟ್ರಿಯಾದ ಸಂಶೋಧಕ ವೋಲ್ಫಿ ಕ್ರಿಸ್ಟಲ್ ಇದು ನೌಕರರ ಮೇಲಿನ ಕಣ್ಗಾವಲು ಎಂದರು. ಜನ ಉಗಿದರು. ಡಿಸೆಂಬರ್ 1ರಂದು ಕಂಪನಿ ಹೆಸರುಗಳನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು.

ಇದನ್ನು ಗೆಲುವೆಂದು ಒಪ್ಪಲು ನನಗೆ ಮನಸ್ಸಿಲ್ಲ. ಹೆಸರು ಹೋಗಬೇಕಿತ್ತು, ಹೋಯಿತು, ಸಂತೋಷ. ಆದರೆ ಎಲ್ಲರೂ ‘ಯಾರನ್ನು ನೋಡುತ್ತಿದ್ದೀರಿ’ ಎಂದೇ ಕೇಳಿದರು. ‘ಏನನ್ನು ಕೆಲಸವೆಂದು ಎಣಿಸುತ್ತಿದ್ದೀರಿ’ ಎಂಬುದು ಹಿಂದೆ ಬಿತ್ತು. ಈ ಅಳತೆಗಳೇ ಮನಬಂದಂತಿವೆ ಎಂದು ಕ್ರಿಸ್ಟಲ್ ಹೇಳಿದ್ದರು. ಗದ್ದಲದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಳತೆಯನ್ನೇ ನೋಡಿ. ಇಮೇಲ್‌ನಲ್ಲಿ @ ಚಿಹ್ನೆ ಹಾಕಿ ಸಹೋದ್ಯೋಗಿಯ ಹೆಸರು ಸೂಚಿಸಿದ ದಿನಗಳೂ ಅದರ ಲೆಕ್ಕಕ್ಕೆ ಬರುತ್ತಿದ್ದವು. ಹಳೇ ಕೋಡ್‌ನಲ್ಲಿ ಅಡಗಿದ ದೋಷವನ್ನು ಕಾಗದ, ಪೆನ್ನು ಹಿಡಿದು ಮೂರು ದಿನ ಹುಡುಕಿದವಳಿಗೆ ಅಲ್ಲಿ ಆ ಮೂರೂ ದಿನ ಸೊನ್ನೆ. ಮ್ಯಾನೇಜರ್ ಹೆಸರಿಗೆ @ ಅಂಟಿಸಿ ‘ನೋಟೆಡ್, ಥ್ಯಾಂಕ್ಸ್’ ಎಂದು ದಿನಕ್ಕೊಂದು ಮೇಲ್ ಒಗೆದವನಿಗೆ ಮೂರಕ್ಕೆ ಮೂರು. ಇಂಥವನ್ನೆಲ್ಲ ಕೂಡಿಸಿ ಇಡೀ ಸಂಸ್ಥೆಗೆ 800ಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಕೊನೆಗೆ 2022ರಲ್ಲಿ ಕಂಪನಿಯೇ ಇದನ್ನು ‘ಅಡಾಪ್ಷನ್ ಸ್ಕೋರ್’ ಎಂದು ಕರೆಯಿತು. ತನ್ನ ಸಾಮಾನು ಗಿರಾಕಿಯ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬ ಅಂಗಡಿಯವನ ಲೆಕ್ಕವೇ ಅಷ್ಟು ದಿನ ಉತ್ಪಾದಕತೆಯ ವೇಷದಲ್ಲಿತ್ತು.

ಅದೇ ವರ್ಷ ಮೈಕ್ರೋಸಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ ಶೇ. 87ರಷ್ಟು ನೌಕರರು ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಎಂದರು. ಹೈಬ್ರಿಡ್ ಪದ್ಧತಿ ಬಂದಮೇಲೆ ಹಾಗೆ ನಂಬುವುದು ಕಷ್ಟವಾಗಿದೆ ಎಂದವರು ಶೇ. 85ರಷ್ಟು ಮೇಲಧಿಕಾರಿಗಳು. ನಮ್ಮ ಮಣಿಪಾಲದಲ್ಲಿ ಓದಿದ, ಆ ಕಂಪನಿಯ ಮುಖ್ಯಸ್ಥ ಸತ್ಯ ನಾದೆಲ್ಲಾ ಈ ಅಪನಂಬಿಕೆಗೆ ‘ಪ್ರೊಡಕ್ಟಿವಿಟಿ ಪ್ಯಾರನೋಯಾ’ ಎಂಬ ಹೆಸರು ಬಳಸಿದರು. ತಕ್ಕಡಿ ಮಾರಿದವರೇ ತೂಕದ ಹುಚ್ಚಿನ ಬಗ್ಗೆ ಮರುಗಿದ್ದು ಸೊಗಸಾಗಿದೆ!

ಬೆಂಗಳೂರಿನ ಐಟಿ ಮಂದಿಗೆ ಈ ತೂಕದ ಹುಚ್ಚನ್ನು ಬಿಡಿಸಿ ಹೇಳಬೇಕಿಲ್ಲ. ಶುಕ್ರವಾರ ಸಂಜೆ ಟೈಮ್‌ಶೀಟ್‌ನ ಐದೂ ಖಾನೆಗೆ 8, 8 ಎಂದು ತುಂಬಿ ಕ್ಯಾಬ್ ಹತ್ತುವವರು ಅವರು. ಐದು ನಿಮಿಷ ಕೈ ಆಡದಿದ್ದರೆ ಮೈಕ್ರೋಸಾಫ್ಟ್‌ನದೇ ಚಾಟ್ ಆ್ಯಪ್ ಟೀಮ್ಸ್‌ನ ಹಸಿರು ಚುಕ್ಕೆ ಹಳದಿಯಾಗುತ್ತದೆ. ಅದಕ್ಕೆ ಮೌಸನ್ನು ತಾನಾಗಿ ಅಲುಗಾಡಿಸುವ ಜಿಗ್ಲರ್ ಬಂದಿದೆ. ಅದಕ್ಕೂ ದುಡ್ಡು ದಂಡವೆನ್ನುವವರು ಸೆಕೆಂಡ್ ಮುಳ್ಳು ಓಡುವ ಕೈಗಡಿಯಾರದ ಮೇಲೆ ಮೌಸ್ ಇಟ್ಟು ಊಟಕ್ಕೆ ಹೋಗುತ್ತಾರೆ. ಇದನ್ನು ಕಳ್ಳಾಟ ಎನ್ನುವುದು ಸುಲಭ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಕೀಬೋರ್ಡ್ ಚಟುವಟಿಕೆಯನ್ನು ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿದಾಗ ಜನ ಜಿಗ್ಲರ್ ಕಂಡು ನಕ್ಕರು. ಕೀಲಿ ಒತ್ತುವುದೇ ಕೆಲಸದ ಗುರುತೆಂದು ಒಪ್ಪಿಕೊಂಡ ಕಡೆ ಮಾತ್ರ ಇಂಥ ನಟನೆಗೆ ಬೆಲೆ ಬರುತ್ತದೆ ಎಂಬುದು ಆ ನಗುವಿನಲ್ಲಿ ಮರೆತುಹೋಯಿತು.

ನಮ್ಮ ಗುಟ್ಟು ಕಾಪಾಡಿ ಎಂದಷ್ಟೇ ಕೇಳಿದರೆ ಕಂಪನಿಗಳು ಖುಷಿಯಿಂದ ಕಾಪಾಡುತ್ತವೆ, ಹೆಸರಿಲ್ಲದ ಪಟ್ಟಿ ಕೊಡುತ್ತವೆ. ಬೇರೆಯದನ್ನು ಕೇಳಬಲ್ಲವರು ನಮ್ಮಲ್ಲೇ ಇದ್ದಾರೆ. 2024ರಲ್ಲಿ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾಪದ ವಿರುದ್ಧ ಕರ್ನಾಟಕದ ಐಟಿ ನೌಕರರ ಸಂಘ ‘ಕಿಟು’ ದನಿ ಎತ್ತಿತ್ತು. ಅಪ್ರೈಸಲ್‌ಗೆ ಬಳಸುವ ಪ್ರತಿ ಅಳತೆಯನ್ನೂ ಮೊದಲೇ ತೋರಿಸಿ, ಅದು ತಪ್ಪೆಂದು ವಾದಿಸಲು ಬಿಡಿ ಎಂದು ಅಂಥ ಸಂಘಗಳು ಪಟ್ಟು ಹಿಡಿಯಲಿ. ಕಂಪನಿಗಳಿಗೆ ನಿಜವಾಗಿ ಇರುಸುಮುರುಸಾಗುವುದು ಆಗ.